ಮಡಿಕೇರಿ ಚಳಿಯಲ್ಲಿ ಗಪ್ಪಿ ಮರಿ: ಓಸ್ಕರ್‌ಗೆ ಮನೆಯಲ್ಲೇ ಫೀಡರ್ ಬೆಳೆಸಿದ್ದು

ಮಡಿಕೇರಿಯಲ್ಲಿ ಫೀಡರ್‌ಗೆ, ಅಂದರೆ ದೊಡ್ಡ ಮೀನಿಗೆ ತಿನ್ನಿಸುವ ಜೀವಂತ ಮೀನಿಗೆ ಅಂತ, ಗಪ್ಪಿ ಎಂಬ ಸಣ್ಣ ಮೀನು ಬೆಳೆಸೋದು ಆಗದ ಮಾತು ಎಂದು ನನಗೆ ಹೇಳದವರೇ ಇಲ್ಲ. ಬೆಂಗಳೂರಿನ ಗೆಳೆಯನೊಬ್ಬ ‘ನಿಮ್ಮೂರ ಚಳಿಗೆ ಅವು ಬದುಕಿದರೇ ಹೆಚ್ಚು ಮಾರಾಯ, ಮರಿ ಎಲ್ಲಿಂದ ಹಾಕ್ತವೆ’ ಅಂದಿದ್ದ. ಈಗ ನನ್ನ ದೊಡ್ಡ ಮಾಂಸಾಹಾರಿ ಮೀನುಗಳಾದ ಎರಡು ಓಸ್ಕರ್ ಮತ್ತು ಒಂದು ಸೆನೆಗಲ್ ಬಿಚಿರ್‌ಗೆ ಬೇಕಾದ ಜೀವಂತ ಮೀನು ಪೂರ್ತಿ ಮನೆಯದ್ದೇ. ಮಳೆಗಾಲದಲ್ಲೂ ನಿಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅಂಗಡಿಯಿಂದಲೇ ತರುತ್ತಿದ್ದೆ. ಮೈಸೂರಿಂದ ಬರುವ ಸಣ್ಣ ಗೋಲ್ಡ್‌ಫಿಶ್, ಕವರ್‌ನಲ್ಲಿ ಅರ್ಧಕ್ಕರ್ಧ ಸತ್ತಿರುತ್ತಿದ್ದವು. ತಿಂಗಳಿಗೆ ಆರೇಳು ನೂರು ಹೋಗುತ್ತಿತ್ತು. ದುಡ್ಡು ಹೋಗಲಿ, ಒಂದು ಸಲ ಅವುಗಳ ಜೊತೆ ಬಿಳಿ ಚುಕ್ಕೆ ರೋಗ ಬಂತು. ನೀರನ್ನು 30 ಡಿಗ್ರಿಗೆ ಏರಿಸಿ, ಉಪ್ಪು ಹಾಕಿ ಏನೆಲ್ಲಾ ಮಾಡಿದರೂ ಒಂದಡಿ ಬೆಳೆದಿದ್ದ ಓಸ್ಕರ್ ಉಳಿಯಲಿಲ್ಲ. ಗೋಲ್ಡ್‌ಫಿಶ್‌ನಲ್ಲಿ ವಿಟಮಿನ್ ಬಿ1 ಹಾಳುಮಾಡುವ ಥಯಾಮಿನೇಸ್ ಎಂಬ ಕಿಣ್ವ ಬೇರೆ ಇರುತ್ತದೆ. ಅದನ್ನೇ ದಿನಾ ತಿಂದರೆ ದೊಡ್ಡ ಮೀನಿಗೆ ವಿಟಮಿನ್ ಬಿ1 ಕಡಿಮೆಯಾಗುತ್ತದೆ. ಗಪ್ಪಿಯಲ್ಲಿ ಆ ತೊಂದರೆ ಇಲ್ಲ.

ಚಳಿಗೆ ಹೀಟರ್ ಹಾಕಿ ಶುರು ಮಾಡಿದೆ. ಗಾಜಿನ ಟ್ಯಾಂಕ್, 100 ವ್ಯಾಟ್ ಹೀಟರ್. ಅದು ದಿನವಿಡೀ ಉರಿದರೆ 2.4 ಯೂನಿಟ್. ಅಂಥ ಮೂರು ಟ್ಯಾಂಕ್ ಇದ್ದಾಗ ಬಂದ ಬಿಲ್ ನೋಡಿ ಮನೆಯವರು ಮಾತಾಡುವುದನ್ನೇ ಬಿಟ್ಟರು. ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಎರಡು ಮೂರು ದಿನ ಬರೋದಿಲ್ಲ, ನಿಮಗೆ ಗೊತ್ತೇ ಇದೆ. ಗಾಜಿನ ಟ್ಯಾಂಕ್ ರಾತ್ರಿ ಕಳೆಯುವಷ್ಟರಲ್ಲಿ ತಣ್ಣಗಾಗಿ 18 ಡಿಗ್ರಿಗೆ ಇಳಿಯುತ್ತಿತ್ತು.

ಆದರೆ ಕರೆಂಟ್ ಇದ್ದ ದಿನಗಳಲ್ಲೂ ಹೆಣ್ಣುಗಳು ಸೊರಗುತ್ತಿದ್ದವು. ರೆಕ್ಕೆ ಮುಚ್ಚಿಕೊಂಡು, ಇದ್ದಲ್ಲೇ ಮೈ ಅಲ್ಲಾಡಿಸುತ್ತಾ ನಿಲ್ಲುವುದು. ಎಲ್ಲರೂ ಚಳಿ ಚಳಿ ಅಂದರು. ಚಳಿಯಲ್ಲ, ನೀರು! ನಮ್ಮ ಬಾವಿ ನೀರು ಟಿಡಿಎಸ್ ಮೀಟರ್‌ನಲ್ಲಿ (ನೀರಲ್ಲಿ ಕರಗಿದ ಲವಣ ಅಳೆಯುವುದು) 40ರ ಆಸುಪಾಸು ತೋರಿಸುತ್ತದೆ, ಮಳೆಗಾಲದಲ್ಲಿ ಇನ್ನೂ ಕಡಿಮೆ. ಕುಡಿಯೋಕೆ ಅಮೃತ, ಗಪ್ಪಿಗೆ ಅಲ್ಲ. ಇಂಥ ಮೆದು ನೀರಿನಲ್ಲಿ ಮೀನಿನ ಕಸ ಸೇರಿದ ಹಾಗೆ ಪಿಎಚ್ ಜಾರಿ ನೀರು ಹುಳಿಯಾಗುತ್ತಾ ಹೋಗುತ್ತದೆ, ತಡೆಯೋಕೆ ನೀರಿನಲ್ಲಿ ಸುಣ್ಣದ ಅಂಶವೇ ಇಲ್ಲ. ಪಿಎಚ್ 6ಕ್ಕಿಂತ ಕೆಳಗೆ ಹೋದರೆ ಸ್ಪಂಜ್ ಫಿಲ್ಟರ್‌ನಲ್ಲಿ ಕಸ ಶುದ್ಧಮಾಡುವ ಬ್ಯಾಕ್ಟೀರಿಯಾ ಕೂಡ ಸುಸ್ತು.

ಎರಡಕ್ಕೂ ಪರಿಹಾರ ಸಿಕ್ಕಿದ್ದು ಮಾರ್ಕೆಟ್‌ನ ಮೀನಂಗಡಿಯಲ್ಲಿ. ಮಂಗಳೂರಿನಿಂದ ಐಸ್ ಹಾಕಿ ಮೀನು ಬರುತ್ತದಲ್ಲ, ಆ ಥರ್ಮಾಕೋಲ್ ಪೆಟ್ಟಿಗೆ. ಒಂದಕ್ಕೆ ಐವತ್ತೋ ಅರವತ್ತೋ ಕೊಟ್ಟಿರಬೇಕು. ಚೆನ್ನಾಗಿ ತೊಳೆದು ಬಿಸಿಲಿಗಿಟ್ಟು, ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದೆ. ಮುಚ್ಚಳದಲ್ಲಿ ಅಂಗೈಯಗಲ ಕತ್ತರಿಸಿ ಗಾಜು ಕೂರಿಸಿದೆ. ಅದೇ ಅಂಗಡಿಯಿಂದ ಮರುವಾಯಿ (ಕಪ್ಪೆಚಿಪ್ಪು ಜೀವಿ) ಚಿಪ್ಪು ಪುಕ್ಕಟೆ. ಕುದಿಸಿ, ಕುಟ್ಟಿ, ಸೊಳ್ಳೆಪರದೆ ಬಟ್ಟೆಯಲ್ಲಿ ಗಂಟು ಕಟ್ಟಿ ಫಿಲ್ಟರ್ ಪಕ್ಕ ಇಳಿಬಿಟ್ಟೆ. ಪೆಟ್ಟಿಗೆಗೆ ಎರಡು ಹಿಡಿ ಸಾಕು. ನೀರು ಹುಳಿಯಾದಾಗ ಚಿಪ್ಪು ಕರಗುತ್ತದೆ, ಸರಿಯಾದಾಗ ಕರಗೋದು ತಾನಾಗೇ ಕಡಿಮೆಯಾಗುತ್ತದೆ. ಒಂದು ತಿಂಗಳೊಳಗೆ ಮೀಟರ್ 180 ದಾಟಿತು, ಮೈ ಅಲ್ಲಾಡಿಸುವುದು ನಿಂತಿತು.

ಪೆಟ್ಟಿಗೆ ಇಟ್ಟ ಜಾಗ ಬಚ್ಚಲಿನ ಹಂಡೆ ಒಲೆಯ ಹಿಂದಿನ ಗೋಡೆ. ನಮ್ಮಲ್ಲಿ ಬೆಳಿಗ್ಗೆ ಸಂಜೆ ಒಲೆ ಉರಿಯಲೇಬೇಕು, ಗೋಡೆ ರಾತ್ರಿಯಿಡೀ ಬೆಚ್ಚಗೇ ಇರುತ್ತದೆ. ಹೊಗೆ ಆಚೆ ಬದಿಗೆ. ಹೀಟರ್ ಇಲ್ಲದೆ 23, 24 ಡಿಗ್ರಿ ನಿಲ್ಲುತ್ತದೆ. ಜನವರಿಯಲ್ಲಿ ಮಾತ್ರ 50 ವ್ಯಾಟ್‌ನ ಒಂದು ಹೀಟರ್, ಅದೂ ತಾಯಿ ಪೆಟ್ಟಿಗೆಗೆ ಮಾತ್ರ. ಗಾಳಿಗೆ ಬ್ಯಾಟರಿ ಪಂಪ್ ಇಟ್ಟುಕೊಳ್ಳಿ, ಅದರಲ್ಲಿ ಕಂಜೂಸಿತನ ಬೇಡ.

ಗಪ್ಪಿ ತನ್ನ ಮರಿಯನ್ನೇ ತಿನ್ನುತ್ತದೆ. ಮರಿ ಉಳಿಸೋಕೆ ನೆಟ್ ಬ್ರೀಡರ್ (ಹೆರುವ ಹೆಣ್ಣಿಗೆ ಬಲೆಯ ಗೂಡು) ಎಲ್ಲ ಸುಮ್ನೆ ಖರ್ಚು. ತೂತಿರುವ ತರಕಾರಿ ಬುಟ್ಟಿಯನ್ನು ಪೆಟ್ಟಿಗೆಯೊಳಗೆ ತೇಲಿಸಿ, ಹೆರಿಗೆ ಹತ್ತಿರವಾಗಿ ಹೊಟ್ಟೆ ಚೌಕಾಕಾರ ಆದ ಹೆಣ್ಣುಗಳನ್ನು ಅದರಲ್ಲಿ ಬಿಡುತ್ತೇನೆ. ಬುಟ್ಟಿಯ ಹೊರಗೆ ಅಂತರಗಂಗೆಯ ಬೇರು. ಬೆಳಗಿನ ಜಾವ ಟಾರ್ಚ್ ಹಾಕಿ ನೋಡಿ: ಮರಿ ಸುರುಳಿಯಾಗಿ ಹೊರಗೆ ಬೀಳುತ್ತದೆ, ಒಂದೆರಡು ಕ್ಷಣ ತಳಕ್ಕೆ ಇಳಿಯುತ್ತದೆ, ಮೈ ಬಿಚ್ಚಿ ಬಾಣದ ಹಾಗೆ ತೂತಿನಿಂದ ಆಚೆಗೆ. ತಾಯಿ ತಿರುಗುವಷ್ಟರಲ್ಲಿ ಬೇರಿನೊಳಗೆ ಸೇರಿರುತ್ತದೆ. ಒಳ್ಳೆಯ ದೊಡ್ಡ ಹೆಣ್ಣು ನಲವತ್ತರ ತನಕ ಹಾಕುತ್ತದೆ. ಈ ಬಿಸಿಗೆ ನಾಲ್ಕೈದು ವಾರಕ್ಕೊಮ್ಮೆ. ಒಂದು ಗಂಡಿಗೆ ಮೂರು ಹೆಣ್ಣು, ಉಳಿದ ಗಂಡುಗಳೆಲ್ಲ ಓಸ್ಕರ್‌ಗೆ.

ಮರಿಗೆ ಬೇಯಿಸಿದ ಮೊಟ್ಟೆಯ ಹಳದಿ ಮೊದಲ ಮೂರು ದಿನ, ಸೂಜಿಮೊನೆಯಷ್ಟೇ. ಆಮೇಲೆ ಅಂಗಳದ ಡ್ರಮ್‌ನಲ್ಲಿ ಬೆಳೆಸಿದ ಡಾಫ್ನಿಯಾ ಎಂಬ ನೀರಿನ ಸಣ್ಣ ಜೀವಿ. ತಾಯಂದಿರಿಗೆ ಹೆರುವ ಮುಂಚಿನ ವಾರ ಕೊಡುವ ಒಂದು ಮಿಶ್ರಣ ಇದೆ. ಅದು ನನ್ನಲ್ಲೇ ಇರಲಿ.

ಮಧ್ಯೆ ಬೇರೆಯದನ್ನೂ ನೋಡಿದೆ. ಜೀಬ್ರಾ ಡೇನಿಯೊ ಚಳಿ ಚೆನ್ನಾಗಿ ತಡೆಯುತ್ತದೆ. ಬೇಸಿನ್ ತಳಕ್ಕೆ ಗೋಲಿ ತುಂಬಿದರೆ ಮೊಟ್ಟೆ ಸಂದಿಗೆ ಬೀಳುತ್ತದೆ, ಎರಡು ಮೂರು ದಿನಕ್ಕೆ ಒಡೆಯುತ್ತದೆ. ಆದರೆ ಮರಿ ಕಣ್ಣಿಗೇ ಕಾಣದಷ್ಟು ಸಣ್ಣದು, ಅದಕ್ಕೆ ಇನ್‌ಫ್ಯೂಸೋರಿಯಾ (ಸೂಕ್ಷ್ಮಜೀವಿಗಳ ಆಹಾರ) ಮಾಡುವ ತಾಪತ್ರಯ. ಮಾಲಿ (molly) ಮೀನು ಇಲ್ಲಿ ಬೇಡ, ಅದಕ್ಕೆ ಇನ್ನೂ ಗಡಸು ನೀರು ಬೇಕು. ಕಾನ್ವಿಕ್ಟ್ ಸಿಕ್ಲಿಡ್ ಜೋಡಿ ತೆಂಗಿನ ಕರಟದೊಳಗೆ ಮೊಟ್ಟೆ ಇಟ್ಟು ನೂರಾರು ಮರಿ ಕೊಟ್ಟಿತು. ಬಿಚಿರ್‌ಗೆ ತುಂಬಾ ಇಷ್ಟ. ಆದರೆ ಆ ಜೋಡಿ ಪೆಟ್ಟಿಗೆಯಲ್ಲಿ ಇನ್ನೊಂದು ಮೀನನ್ನು ಉಳಿಸಲಿಲ್ಲ. ಜಾಗ ಇದ್ದವರು ಇದನ್ನೇ ಮಾಡಿ.

ಖರ್ಚು ಎಲ್ಲ ಸೇರಿ ಎರಡು ಸಾವಿರ ದಾಟಿಲ್ಲ. ವಾರಕ್ಕೆ ಎರಡು ಸಲ ಮಾತ್ರ ಫೀಡರ್, ಉಳಿದ ದಿನ ಪೆಲೆಟ್ (ಒಣ ಗುಳಿಗೆ ಆಹಾರ). ಹೆಚ್ಚಾದ ಮೀನನ್ನು ತೋಡಿಗೆ ಬಿಡಬೇಡಿ, ದಯವಿಟ್ಟು. ನಮ್ಮ ತೋಡೆಲ್ಲ ಕೊನೆಗೆ ನದಿ ಸೇರುತ್ತವೆ, ಅಲ್ಲಿ ನಮ್ಮದೇ ಮೀನುಗಳಿವೆ. ಪೆಟ್ಟಿಗೆಯ ಹಳೇ ನೀರನ್ನು ನಾನು ಸೋಸಿ ಕಾಫಿ ಗಿಡಕ್ಕೆ ಹಾಕುತ್ತೇನೆ.

ಒಂದೇ ಸಂಸಾರದೊಳಗೆ ಮರಿಯಾಗುತ್ತಾ ಹೋದರೆ ಬೆನ್ನು ಗೂನಾದವು ಕಾಣಿಸುತ್ತವೆ. ಅದಕ್ಕೆ ಆಗಾಗ ಹೊರಗಿನ ಗಂಡು ತರುತ್ತೇನೆ. ತಂದದ್ದನ್ನು ಒಂದು ತಿಂಗಳು ಬೇರೆ ಪೆಟ್ಟಿಗೆಯಲ್ಲಿಟ್ಟು, ರೋಗ ಇಲ್ಲ ಅಂತ ಖಾತ್ರಿಯಾದ ಮೇಲೇ ಹೆಣ್ಣುಗಳ ಜೊತೆ ಬಿಡುವುದು.