ಅಕ್ಕಸಾಲಿಗನ ತಕ್ಕಡಿಯಲ್ಲಿ ಸೀಸ

ನನ್ನ ಏರ್ ರೈಫಲ್‌ನ ಐನೂರು ಪೆಲೆಟ್‌ಗಳನ್ನು, ಅಂದರೆ ಸೀಸದ ಪುಟ್ಟ ಗುಂಡುಗಳನ್ನು, ಒಂದೊಂದಾಗಿ ತೂಗಲು ನನಗೆ ಎರಡು ಭಾನುವಾರ ಬೇಕಾದವು. ತಕ್ಕಡಿ ನನ್ನದಲ್ಲ. ಪಾಲಿಟೆಕ್ನಿಕ್‌ನಲ್ಲಿ ನನ್ನ ಕೈಕೆಳಗೆ ಕಲಿತು, ಈಗ ಕಲಬುರಗಿಯ ಸರಾಫ್ ಬಜಾರಿನಲ್ಲಿ ಬಂಗಾರದ ಕೆಲಸ ಮಾಡುವ ಹುಡುಗನದು. ಮಿಲಿಗ್ರಾಂವರೆಗೆ ಹೇಳುವ ತಕ್ಕಡಿ ಅದು. ಫ್ಯಾನಿನ ಗಾಳಿ ತಾಗಿದರೆ ಸಾಕು, ಅಂಕಿಗಳು ಕುಣಿಯುತ್ತವೆ. ಮೇ ತಿಂಗಳ ಮಧ್ಯಾಹ್ನ ಫ್ಯಾನ್ ಆರಿಸಿ ಕುಳಿತೆ. "ಸರ್, ನಾಲ್ಕೂವರೆ ಗುಂಜಿಯೂ ತೂಗದ ಸೀಸಕ್ಕೆ ಇಷ್ಟು ಬೆವರು ಸುರಿಸುತ್ತೀರಲ್ಲ!" ಎಂದು ಅವನು ನಕ್ಕ.

ನಾನು ಹಾರಿಸುವುದು 10 ಮೀಟರ್ ಏರ್ ರೈಫಲ್, ಅಂದರೆ ಒತ್ತಿದ ಗಾಳಿಯ ಬಲದಿಂದ ಹತ್ತು ಮೀಟರ್ ದೂರದ ಗುರಿಗೆ ಹೊಡೆಯುವ ಬಂದೂಕು. ಪೆಲೆಟ್‌ನ ವ್ಯಾಸ 4.5 ಮಿಲಿಮೀಟರ್, ತೂಕ ಸುಮಾರು 0.53 ಗ್ರಾಂ, ಆಕಾರ ಡಮರುಗದಂತೆ. ಗುರಿಹಾಳೆಯ ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಪೆಲೆಟ್‌ನ ಅಂಚು ಅದನ್ನು ಮುಟ್ಟಿದರೆ ಹತ್ತು ಸಿಕ್ಕಂತೆ. ನಮ್ಮ ಕಲಬುರಗಿ ಕೋಟೆಯ ಮೇಲಿನ 29 ಅಡಿ ಉದ್ದದ ತೋಪನ್ನು ನೋಡುತ್ತ ಬೆಳೆದವನಿಗೆ ಇಂಥ ಲೆಕ್ಕ ತಲೆಗೆ ಹತ್ತಲು ಕಾಲ ಹಿಡಿಯಿತು.

ತೂಕದ ಪ್ರಕಾರ ಮೂರು ಡಬ್ಬಿಗಳಲ್ಲಿ ವಿಂಗಡಿಸಿ, ಒಂದೇ ತೂಕದವು ಹತ್ತಿರ ಹತ್ತಿರ ಬೀಳುತ್ತವೆಂದು ಬಹಳ ಭರವಸೆಯಿಂದ ಹಾರಿಸಿದೆ. ಮೂರರಲ್ಲೂ ರಂಧ್ರಗಳ ಹರವು ಒಂದೇ. ಎರಡು ಭಾನುವಾರ ನೀರಿಗೆ ಹೋಯಿತು ಎನ್ನಲಾರೆ. ಒಂದೊಂದನ್ನೂ ಬೆರಳಲ್ಲಿ ಹಿಡಿದು ನೋಡಿದ್ದರಿಂದ, ಹಿಂಭಾಗದ ತೆಳುವಾದ ಅಂಚು ಕೆಲವದರಲ್ಲಿ ಚಪ್ಪಟೆಯಾಗಿದ್ದು ಕಣ್ಣಿಗೆ ಬಿತ್ತು. ಗಾಳಿ ತಳ್ಳುವುದೇ ಆ ಭಾಗವನ್ನು. ಅದು ಸೊಟ್ಟಗಿದ್ದರೆ ತೂಕ ಸರಿಯಿದ್ದು ಏನು ಫಲ? ನಮ್ಮ ಮನೆಯ ನೆಲ ಶಹಾಬಾದ್ ಫರಸಿಯದು. ಕೈ ಜಾರಿ ಅದರ ಮೇಲೆ ಬಿದ್ದ ಪೆಲೆಟ್ ಎಷ್ಟೇ ಚೆನ್ನಾಗಿ ಕಂಡರೂ ಈಗ ಅಭ್ಯಾಸಕ್ಕೂ ಬಳಸುವುದಿಲ್ಲ.

ನಿಜವಾದ ಉತ್ತರ ಸಿಕ್ಕಿದ್ದು ಬೆಂಚ್ ವೈಸ್‌ನಿಂದ, ಅಂದರೆ ವಸ್ತುವನ್ನು ಅಲುಗದಂತೆ ಕಚ್ಚಿ ಹಿಡಿಯುವ ಕಬ್ಬಿಣದ ಸಾಧನದಿಂದ. ನನ್ನ ಕೈನಡುಕವನ್ನು ಲೆಕ್ಕದಿಂದ ತೆಗೆಯಬೇಕಿತ್ತು. ರೈಫಲ್‌ನ ಹಿಡಿಯನ್ನು ಬಿಚ್ಚಿ, ಉಳಿದ ಭಾಗವನ್ನು ದಪ್ಪ ಕಲ್ಲಿಗೆ ಬಿಗಿದ ವೈಸ್‌ನಲ್ಲಿ ಚರ್ಮದ ತುಂಡಿಟ್ಟು ಕಚ್ಚಿಸಿದೆ. ಆಮೇಲೆ ಪೆಲೆಟ್‌ನ ತಲೆಯ (ಮುಂಭಾಗದ) ಅಳತೆ 4.49 ಮತ್ತು 4.50 ಮಿಲಿಮೀಟರ್ ಎಂದು ಬರೆದಿದ್ದ ಬೇರೆ ಬೇರೆ ಡಬ್ಬಿಗಳಿಂದ ಹತ್ತು ಹತ್ತು ಹಾರಿಸಿ, ರಂಧ್ರಗಳ ಗುಂಪಿನ ಹೊರ ಅಂಚುಗಳ ನಡುವಿನ ದೂರವನ್ನು ವರ್ನಿಯರ್ ಎಂಬ ಸೂಕ್ಷ್ಮ ಅಳತೆಯ ಸಾಧನದಲ್ಲಿ ಅಳೆದೆ. ಒಂದು ಡಬ್ಬಿಯದು 8.5 ಮಿಲಿಮೀಟರ್, ಇನ್ನೊಂದರದು 6.5. ಮೊದಲಿಗೆ ಇಷ್ಟೇನಾ ಅನ್ನಿಸಿತು. ಆದರೆ ಲೆಕ್ಕ ಹಾಕಿ ನೋಡಿ: ನಡುವೆ 0.5ರ ಚುಕ್ಕೆ, ಅದನ್ನು ಎರಡು ಬದಿಯಿಂದ ಮುಟ್ಟುವ 4.5ರ ಒಂದೊಂದು ಪೆಲೆಟ್, ಒಟ್ಟು 9.5. ಗುಂಪು 9.5 ಮಿಲಿಮೀಟರ್ ದಾಟದೆ ಸರಿಯಾಗಿ ನಡುವೆ ಕುಳಿತಿದ್ದರೆ ಎಲ್ಲವೂ ಹತ್ತನ್ನು ಮುಟ್ಟುತ್ತವೆ. ಮೊದಲ ಡಬ್ಬಿಯಲ್ಲಿ ನನ್ನ ತಪ್ಪಿಗೆ ಉಳಿಯುವ ಜಾಗ ಅರ್ಧ ಮಿಲಿಮೀಟರ್, ಎರಡನೆಯದರಲ್ಲಿ ಒಂದೂವರೆ. ಅರವತ್ತರ ವಯಸ್ಸಿನ ಭುಜಕ್ಕೆ ಆ ಒಂದು ಮಿಲಿಮೀಟರ್ ದೊಡ್ಡ ದಾನ.

ಮಧ್ಯೆ ಒಂದು ಬುದ್ಧಿವಂತಿಕೆಯನ್ನೂ ಮಾಡಿದ್ದೆ. ಪೆಲೆಟ್‌ಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಸವರಿದೆ. ಗುಂಪು ಹರಡಿಹೋಯಿತು. ರೈಫಲ್‌ನ ಕೊಳವೆಯನ್ನು ಒರೆಸಿ ಒಣಗಿಸಿದ ಮೇಲೂ ಮೊದಲ ಹತ್ತು ಹದಿನೈದು ಹೊಡೆತಗಳು ಅಲೆದಾಡಿದವು. ಒಳಗೆ ಸೀಸದ ತೆಳು ಲೇಪ ಕೂತಮೇಲೆ ಹದಕ್ಕೆ ಬಂದವು. ಅಂದಿನಿಂದ ಸ್ಪರ್ಧೆಯ ಹಿಂದಿನ ದಿನ ಕೊಳವೆಯನ್ನು ಮುಟ್ಟುವುದಿಲ್ಲ. ಗಾಳಿಯ ಸಿಲಿಂಡರನ್ನೂ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡುವುದಿಲ್ಲ. 200 ಬಾರ್ ಒತ್ತಡ ತುಂಬಿಸಿದ್ದು ನಮ್ಮ ಊರಿನ ಬೇಸಿಗೆಯಲ್ಲಿ ಎಷ್ಟಕ್ಕೆ ಏರುತ್ತದೆಂದು ಪರೀಕ್ಷಿಸುವ ಆಸೆ ನನಗಿಲ್ಲ.

ಪೆಲೆಟ್ ಸೀಸದ್ದು ಎಂಬುದನ್ನು ಮನೆಯಲ್ಲಿ ನೆನಪಿಸುವವಳು ಹೆಂಡತಿ. ಸಾಬೂನಿನಿಂದ ಕೈ ತೊಳೆಯದೆ ರೊಟ್ಟಿಯ ಬುಟ್ಟಿಗೆ ಕೈ ಹಾಕುವಂತಿಲ್ಲ. ಅವಳ ಮಾತೇ ಸರಿ.

ಆ ಒಳ್ಳೆಯ ಡಬ್ಬಿ ಹೋದ ತಿಂಗಳು ಮುಗಿಯಿತು. ಅದೇ ಕಂಪನಿಯ, ಅದೇ 4.50 ಅಳತೆಯ ಹೊಸ ಡಬ್ಬಿ ತರಿಸಿದೆ. ತಳದಲ್ಲಿ ಒತ್ತಿದ ಬ್ಯಾಚ್ ಸಂಖ್ಯೆ ಬೇರೆ ಇತ್ತು. ವೈಸ್‌ಗೆ ಬಿಗಿದು ಹಾರಿಸಿದರೆ 8 ಮಿಲಿಮೀಟರ್. ಈಗ ಬೇರೆ ಬ್ಯಾಚಿನ ನಾಲ್ಕು ಡಬ್ಬಿಗಳಿಗೆ ಹೇಳಿ ಕಳುಹಿಸಿದ್ದೇನೆ. ತಕ್ಕಡಿಯನ್ನು ಮಾತ್ರ ಆ ಸರಾಫ್ ಬಜಾರಿನ ಹುಡುಗನ ಅಂಗಡಿಗೆ ಮರಳಿಸಿ ಬಂದೆ.