ಸಿ.ಟಿ. ಚಿತ್ರದಲ್ಲಿ ಲಿವರಿನ ಎಂಟು ಸೆಗ್ಮೆಂಟುಗಳನ್ನು ಗುರುತಿಸುವುದು ಹೇಗೆ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಶಿವಮೊಗ್ಗಕ್ಕೆ ಬಂದು ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡವರು ಅದೇ ವರದಿ ಹಿಡಿದು ಶಸ್ತ್ರಚಿಕಿತ್ಸೆಗೆ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗುವುದುಂಟು. ವರದಿಯಲ್ಲಿ ‘ಸೆಗ್ಮೆಂಟ್ 7ರಲ್ಲಿ ಗಡ್ಡೆ’ ಎಂದಿದ್ದರೆ, ಲಿವರಿನ ಯಾವ ಭಾಗವನ್ನು ತೆಗೆಯಬೇಕು, ಯಾವುದನ್ನು ಉಳಿಸಿಕೊಳ್ಳಬಹುದು ಎಂಬ ಯೋಚನೆ ಆ ಅಂಕಿಯಿಂದಲೇ ಶುರುವಾಗುತ್ತದೆ. ಆದ್ದರಿಂದ ರೇಡಿಯಾಲಜಿ ಕಲಿಯುತ್ತಿರುವವರು ಅದನ್ನು ಅಂದಾಜಿನ ಮೇಲೆ ಬರೆಯಬಾರದು.

ಇಂದು ಎಲ್ಲೆಡೆ ಬಳಕೆಯಲ್ಲಿರುವುದು ಫ್ರಾನ್ಸಿನ ಶಸ್ತ್ರಚಿಕಿತ್ಸಕ ಕ್ಲೋಡ್ ಕ್ವಿನೋ 1957ರಲ್ಲಿ ಪ್ರಕಟಿಸಿದ ವಿಂಗಡಣೆ. ಅದಕ್ಕೆ ಆಧಾರ ಲಿವರಿನ ಹೊರ ಆಕಾರವಲ್ಲ, ಒಳಗಿನ ರಕ್ತನಾಳಗಳು. ಕರುಳಿನ ಕಡೆಯಿಂದ ಲಿವರಿಗೆ ರಕ್ತ ತರುವ ಪೋರ್ಟಲ್ ವೇನಿನ ಕವಲುಗಳು ಪ್ರತಿ ಸೆಗ್ಮೆಂಟಿನ ಒಳಹೊಕ್ಕು ರಕ್ತ ಕೊಡುತ್ತವೆ. ಲಿವರಿನಿಂದ ರಕ್ತವನ್ನು ಹೊರಗೊಯ್ಯುವ ಹೆಪಾಟಿಕ್ ವೇನುಗಳಾದರೋ, ಅಡಿಕೆ ತೋಟದ ಬಸಿಗಾಲುವೆಗಳು ಎರಡು ಪಟ್ಟಿಗಳ ನಡುವೆ ಹರಿದು ಎರಡೂ ಬದಿಯ ನೀರನ್ನು ಒಯ್ಯುವಂತೆ, ಸೆಗ್ಮೆಂಟುಗಳ ಗಡಿಯಲ್ಲಿ ಸಾಗುತ್ತವೆ.

ಮೊದಲು ಕಾಂಟ್ರಾಸ್ಟ್ (ರಕ್ತನಾಳಗಳು ಎದ್ದು ಕಾಣಲೆಂದು ಚುಚ್ಚುವ ದ್ರವ) ಕೊಟ್ಟು ಸುಮಾರು 70 ಸೆಕೆಂಡುಗಳ ನಂತರ ತೆಗೆದ ಚಿತ್ರಗಳನ್ನು ತೆರೆಯಿರಿ. ಆಗ ಎರಡೂ ಬಗೆಯ ನಾಳಗಳು ಬೆಳ್ಳಗೆ ಕಾಣುತ್ತವೆ. ರೋಗಿಯ ಬಲಭಾಗ ನಿಮ್ಮ ಎಡಕ್ಕಿರುತ್ತದೆ. ಲಿವರಿನ ನೆತ್ತಿಯ ಭಾಗಕ್ಕೆ ಹೋದರೆ ಮೂರು ಹೆಪಾಟಿಕ್ ವೇನುಗಳು ಐ.ವಿ.ಸಿ. ಎಂಬ ದೊಡ್ಡ ರಕ್ತನಾಳವನ್ನು ಸೇರುವುದು ಕಾಣುತ್ತದೆ. ನಡುವಿನದು ಲಿವರನ್ನು ಬಲ ಮತ್ತು ಎಡ ಎಂದು ಸೀಳುತ್ತದೆ. ಕೆಳಗಿನ ಸ್ಲೈಸುಗಳಲ್ಲಿ (ಅಡ್ಡಕೊಯ್ತದ ಚಿತ್ರಗಳಲ್ಲಿ) ಅದೇ ಗಡಿ ಐ.ವಿ.ಸಿ.ಯಿಂದ ಪಿತ್ತಕೋಶದ ಗುಣಿಯವರೆಗೆ ಎಳೆದ ಗೆರೆಯಾಗಿ ಮುಂದುವರಿಯುತ್ತದೆ. ಬಲಗಡೆಯ ವೇನು ಬಲಭಾಗವನ್ನು ಮುಂದಿನದು, ಹಿಂದಿನದು ಎಂದು ಬೇರ್ಪಡಿಸುತ್ತದೆ. ಎಡಭಾಗದಲ್ಲಿ ಮೇಲೆ ಎಡ ಹೆಪಾಟಿಕ್ ವೇನು, ಕೆಳಗೆ ಫ್ಯಾಲ್ಸಿಫಾರ್ಮ್ ಲಿಗಮೆಂಟಿನ (ಲಿವರನ್ನು ಹೊಟ್ಟೆಯ ಮುಂಗೋಡೆಗೆ ಹಿಡಿದಿಡುವ ಪದರದ) ಸೀಳು 4ನೆಯ ಸೆಗ್ಮೆಂಟನ್ನು 2 ಮತ್ತು 3ರಿಂದ ಪ್ರತ್ಯೇಕಿಸುತ್ತವೆ.

ಇನ್ನು ಮೇಲು-ಕೆಳಗಿನ ಗಡಿ. ಪೋರ್ಟಲ್ ವೇನು ಬಲಕ್ಕೂ ಎಡಕ್ಕೂ ಕವಲೊಡೆಯುವ ಮಟ್ಟಕ್ಕಿಂತ ಮೇಲೆ, ಬಲದ ಹಿಂಬದಿಯಿಂದ ಎಣಿಸಿದರೆ, 7, 8, 4ಎ (4ರ ಮೇಲಿನ ಭಾಗ), 2. ಕೆಳಗೆ ಅದೇ ಕ್ರಮದಲ್ಲಿ 6, 5, 4ಬಿ (4ರ ಕೆಳಗಿನ ಭಾಗ), 3. ಐ.ವಿ.ಸಿ.ಯ ಮುಂದೆ, ಲಿಗಮೆಂಟಮ್ ವೀನೋಸಮ್ಮಿನ (ಭ್ರೂಣದಲ್ಲಿದ್ದ ರಕ್ತನಾಳವೊಂದು ಮುಚ್ಚಿ ಉಳಿದ ತಂತುವಿನ) ಸೀಳಿನ ಹಿಂದೆ ಇರುವುದು 1. ಇದರ ರಕ್ತ ಸಣ್ಣ ನಾಳಗಳ ಮೂಲಕ ನೇರವಾಗಿ ಐ.ವಿ.ಸಿ.ಗೆ ಹೋಗುವುದರಿಂದ, ಮೂರು ಹೆಪಾಟಿಕ್ ವೇನುಗಳು ಕಟ್ಟಿಕೊಂಡಾಗಲೂ ಇದು ಉಳಿದು ದೊಡ್ಡದಾಗುವುದುಂಟು.

ತೊಡಕಿರುವುದು 5 ಮತ್ತು 8ರ ನಡುವೆ, ಹಾಗೆಯೇ 6 ಮತ್ತು 7ರ ನಡುವೆ. ಕವಲಿನ ಮಟ್ಟವನ್ನು ಸಪಾಟಾದ ಗೆರೆಯೆಂದು ಭಾವಿಸಿದರೆ ತಪ್ಪಾಗುತ್ತದೆ, ಏಕೆಂದರೆ ಪೋರ್ಟಲ್ ವೇನಿನ ಬಲಕವಲು ಓರೆಯಾಗಿ ಸಾಗುತ್ತದೆ. ಬಲ ಹೆಪಾಟಿಕ್ ವೇನಿನ ಹಿಂದೆ, ಕವಲಿಗಿಂತ ತುಸು ಮೇಲೆ ಗಡ್ಡೆಯಿದೆ ಎಂದುಕೊಳ್ಳಿ. ಗೆರೆಯ ಲೆಕ್ಕದಲ್ಲಿ ಅದು 7. ಆದರೆ ಗಡ್ಡೆಯ ಬಳಿ ಬರುವ ಪೋರ್ಟಲ್ ಕವಲನ್ನು ಒಂದೊಂದೇ ಸ್ಲೈಸಿನಲ್ಲಿ ಹಿಂಬಾಲಿಸಿ ಮೂಲಕ್ಕೆ ಹೋದಾಗ, ಅದು ಕೆಳಮುಖವಾಗಿ ಇಳಿಯುವ ನಾಳದಿಂದ ಹೊರಟಿದ್ದರೆ ಗಡ್ಡೆ 6ಕ್ಕೆ ಸೇರಿದ್ದು. ಇಂಥಲ್ಲಿ ನಾಳದ ಮಾತನ್ನೇ ನಂಬಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಎದುರಿನಿಂದ ನೋಡಿದಂತೆ ಮರುರೂಪಿಸಿದ ಕೊರೋನಲ್ ಚಿತ್ರಗಳನ್ನೂ ತೆರೆದರೆ ಕೆಲಸ ಹಗುರಾಗುತ್ತದೆ.

ಕೆಲವರಲ್ಲಿ 6ರಿಂದ ಹೆಚ್ಚುವರಿ ವೇನೊಂದು ನೇರ ಐ.ವಿ.ಸಿ. ಸೇರುತ್ತದೆ, ಕಂಡರೆ ಅದನ್ನು ಬರೆಯಲೇಬೇಕು. ಗಡ್ಡೆ ಎರಡು ಸೆಗ್ಮೆಂಟುಗಳ ಗಡಿಯಲ್ಲಿದ್ದರೆ ಒಂದನ್ನೇ ಆರಿಸದೆ ಎರಡೂ ಅಂಕಿಗಳನ್ನು ನಮೂದಿಸಿ, ಹತ್ತಿರದ ಹೆಪಾಟಿಕ್ ವೇನಿಗೂ ಗಡ್ಡೆಯ ಅಂಚಿಗೂ ಇರುವ ಅಂತರವನ್ನು ಮಿಲಿಮೀಟರುಗಳಲ್ಲಿ ಅಳೆದು ಪಕ್ಕದಲ್ಲೇ ಬರೆಯಿರಿ.