ಇಂಟರ್ವಲ್ ಮಾಡೋದು ಹೇಗೆ: ಮೊದಲನೇ ರೌಂಡಲ್ಲೇ ಖಾಲಿ ಆಗ್ಬೇಡಿ

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮಾಡೋ ಟ್ರಯಥ್ಲಾನ್‌ಗೆ ರೆಡಿ ಆಗೋರಲ್ಲಿ ತುಂಬಾ ಜನ ದಿನಾ ಒಂದೇ ಸ್ಪೀಡಲ್ಲಿ ಓಡ್ತಾರೆ, ಒಂದೇ ಸ್ಪೀಡಲ್ಲಿ ಸೈಕಲ್ ತುಳೀತಾರೆ, ಆಮೇಲೆ ಟೈಮಿಂಗ್ ಯಾಕೆ ಇಳೀತಿಲ್ಲ ಅಂತ ತಲೆ ಕೆಡಿಸ್ಕೋತಾರೆ. ಇಂಟರ್ವಲ್ ಅಂದ್ರೆ ದೊಡ್ಡ ವಿದ್ಯೆ ಏನಲ್ಲ, ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ನಿಧಾನ, ಮತ್ತೆ ಜೋರು. ಒಂದೇ ಸಮ ಹಿಡಿಯೋಕಾಗದ ಸ್ಪೀಡನ್ನ ತುಂಡು ತುಂಡು ಮಾಡಿದ್ರೆ ಹಿಡೀಬಹುದು. 1952ರ ಹೆಲ್ಸಿಂಕಿ ಒಲಿಂಪಿಕ್ಸಲ್ಲಿ 5000, 10000 ಮೀಟರ್ ಜೊತೆಗೆ ಮ್ಯಾರಥಾನೂ ಗೆದ್ದ ಎಮಿಲ್ ಜಾಟೊಪೆಕ್ ಹೀಗೇ 400 ಮೀಟರ್ ತುಂಡುಗಳನ್ನ ಲೆಕ್ಕ ತಪ್ಪೋಷ್ಟು ಓಡ್ತಿದ್ರು. ನಮಗೆ ಆರು ಸಾಕು.

ಮೊದಲು ಒಂದೆರಡು ತಿಂಗಳು ಆರಾಮಾಗಿ ಓಡಿ ತುಳಿದು ಅಡಿಪಾಯ ಹಾಕ್ಕೊಳ್ಳಿ, ಅದಿಲ್ಲದೆ ಸ್ಪೀಡಿಗೆ ಹೋದ್ರೆ ಮೀನಖಂಡ ಮಾತಾಡುತ್ತೆ.

ಓಟದ ದಿನ 15 ನಿಮಿಷ ಜಾಗಿಂಗ್, 20 ಸೆಕೆಂಡಿನ ನಾಲ್ಕು ಚುರುಕು ಓಟ, ಆಮೇಲೆ 400 ಮೀಟರ್ ಆರು ಸಲ, ನಡುವೆ 90 ಸೆಕೆಂಡ್ ಮೆಲ್ಲಗೆ ಜಾಗಿಂಗ್. ಸ್ಪೀಡ್ ಎಷ್ಟು? ನೀವು 10 ಕಿಮೀ 50 ನಿಮಿಷದಲ್ಲಿ ಓಡೋರಾದ್ರೆ ಅದೇ ವೇಗದಲ್ಲಿ 400 ಮೀಟರ್‌ಗೆ 2 ನಿಮಿಷ ಆಗುತ್ತೆ, ಇಲ್ಲಿ ಅದಕ್ಕಿಂತ ಸ್ವಲ್ಪ ಬೇಗ, 1 ನಿಮಿಷ 55 ಸೆಕೆಂಡ್ ಹತ್ರ ಇರ್ಲಿ. ಎಲ್ರೂ ಎಡವೋದು ಇಲ್ಲೇ ನೋಡಿ, ಮೊದಲನೇದನ್ನ 1:40ಕ್ಕೆ ಓಡಿ ಬೀಗ್ತಾರೆ, ಐದನೇದಕ್ಕೆ ಮೊಣಕಾಲು ಹಿಡ್ಕೊಂಡು ನಿಂತಿರ್ತಾರೆ. ಮೊದಲನೇದು ‘ಇಷ್ಟೇನಾ’ ಅನ್ನಿಸ್ಬೇಕು, ಆರನೇದು ಅದೇ ಟೈಮಿಗೆ ಬರ್ಬೇಕು, ಎರಡ್ಮೂರು ಸೆಕೆಂಡ್ ಆಚೀಚೆ ಪರ್ವಾಗಿಲ್ಲ. ಕೆಲವು ವಾರ ಆದ್ಮೇಲೆ 10 ಕಿಮೀ ವೇಗದಲ್ಲೇ 1 ಕಿಮೀ ಐದು ಸಲಕ್ಕೆ ಹೋಗಿ, ಒಲಿಂಪಿಕ್ ದೂರದ ಟ್ರಯಥ್ಲಾನಲ್ಲಿ ಕೊನೆಗೆ ಓಡ್ಬೇಕಾಗಿರೋದು 10 ಕಿಮೀನೇ ತಾನೆ.

ಸೈಕಲ್ಲಿಗೆ ಪವರ್ ಮೀಟರ್ (ಎಷ್ಟು ಜೋರಾಗಿ ತುಳೀತಿದ್ದೀರಿ ಅಂತ ವ್ಯಾಟಲ್ಲಿ ತೋರ್ಸೋ ಸಾಧನ) ಇದ್ರೆ 20 ನಿಮಿಷ ಪೂರ್ತಿ ದಮ್ಮು ಹಾಕಿ ತುಳಿದು ಬಂದ ಸರಾಸರಿಯನ್ನ 0.95ರಿಂದ ಗುಣಿಸಿ, 200 ವ್ಯಾಟ್ ಬಂದ್ರೆ 190, ಅದೇ ನಿಮ್ಮ ಎಫ್‌ಟಿಪಿ, ಅಂದ್ರೆ ಹೆಚ್ಚು ಕಮ್ಮಿ ಒಂದು ಗಂಟೆ ಹಿಡಿದಿಡಬಹುದಾದ ಪವರ್. ಅಷ್ಟೇ ವ್ಯಾಟಲ್ಲಿ 8 ನಿಮಿಷದ್ದು ನಾಲ್ಕು ಮಾಡಿ, ನಡುವೆ 4 ನಿಮಿಷ ಹಗುರ ಗೇರ್. ಮೀಟರ್ ಇಲ್ವಾ, ಎರಡ್ಮೂರು ಪದಕ್ಕಿಂತ ಜಾಸ್ತಿ ಮಾತಾಡೋಕಾಗ್ಬಾರ್ದು, ಅದೇ ಮೀಟರ್. ಶುರುವಿನ ಒಂದೆರಡು ನಿಮಿಷ ಹಾರ್ಟ್‌ರೇಟ್ ನೋಡ್ಬೇಡಿ, ಅದು ಕಾಲಿಗಿಂತ ತಡವಾಗಿ ಏರುತ್ತೆ, ಅದನ್ನ ನಂಬಿ ಇನ್ನೂ ಒತ್ತಿದ್ರೆ ಅಲ್ಲೇ ಮುಗೀತು. ಟ್ರಾಫಿಕ್ ಇರೋ ರಸ್ತೆ ಬೇಡ, ಟ್ರೇನರ್ (ಸೈಕಲ್ಲನ್ನ ಒಂದೇ ಕಡೆ ನಿಲ್ಸಿ ತುಳಿಯೋ ಸ್ಟ್ಯಾಂಡ್) ಅಥವಾ ಸಣ್ಣ ಏರು ಒಳ್ಳೇದು.

ವಾರಕ್ಕೆ ಓಟದ್ದು ಒಂದು, ಸೈಕಲ್ಲಿಂದು ಒಂದು, ನಡುವೆ ಎರಡು ದಿನ ಗ್ಯಾಪ್. ಈಜಿನಲ್ಲೂ ಜೋರು ಸೆಷನ್ ಮಾಡ್ತಿದ್ರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಮಿಕ್ಕಿದ್ದೆಲ್ಲ ನಿಜವಾಗ್ಲೂ ನಿಧಾನ ಇರ್ಲಿ.

ಇದು ಒಗ್ಗಿದ್ಮೇಲೆ ಎರಡು ವಾರಕ್ಕೊಮ್ಮೆ ಸೈಕಲ್ ಇಂಟರ್ವಲ್ ಮುಗಿದ ತಕ್ಷಣ ಇಳಿದು 10 ನಿಮಿಷ ಓಡಿ. ಕಾಲು ಬೇರೆ ಯಾರದ್ದೋ ಅನ್ನಿಸುತ್ತೆ, ಹೆದರ್ಬೇಡಿ, ಹೆಜ್ಜೆ ಚಿಕ್ಕದು ಮಾಡ್ಕೊಳ್ಳಿ. ಶೂ ಮಾತ್ರ ಮೊದಲೇ ಸೈಕಲ್ ನಿಲ್ಸೋ ಜಾಗದಲ್ಲೇ ಇಟ್ಟಿರಿ, ಹುಡುಕ್ತಾ ಕೂತ್ರೆ ಅಷ್ಟೊತ್ತಿಗೆ ಕಾಲು ಸರಿಹೋಗಿರುತ್ತೆ.